ಒಲೆಯ ಮುಂದೆ ನಿಂತ ಶ್ರಾವಕ

2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಮುಚ್ಚಿಕೊಂಡಾಗ ಅನೇಕರಿಗೆ ಮೊದಲು ಎದುರಾದ ಪ್ರಶ್ನೆ ರೋಗದ್ದಾಗಿರಲಿಲ್ಲ, ಮರುದಿನದ ಊಟದ್ದಾಗಿತ್ತು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳ ಹೋಟೆಲು, ಖಾನಾವಳಿ, ದರ್ಶಿನಿಗಳಲ್ಲಿ ಕುಳಿತು ಉಣ್ಣುವುದು ನಿಂತಿತು. ಮನೆಮನೆಗೆ ಬಂದು ಅಡುಗೆ ಮಾಡಿಕೊಡುತ್ತಿದ್ದ ಹೆಂಗಸರು ತಮ್ಮ ಓಣಿಯನ್ನು ದಾಟಲಾಗಲಿಲ್ಲ. ಇಪ್ಪತ್ತೊಂದು ದಿನದ ಮಾತೆಂದು ಆರಂಭವಾದ ನಿರ್ಬಂಧ ಹಂತಹಂತವಾಗಿ ಮೇ 31ರವರೆಗೆ ಬೆಳೆಯಿತು. ಒಂದು ಲೋಟ ಅಕ್ಕಿಗೆ ಎಷ್ಟು ಲೋಟ ನೀರು ಎಂಬುದನ್ನು ಅದುವರೆಗೆ ಕೇಳಿಯೂ ತಿಳಿಯದಿದ್ದವರು ಆ 68 ದಿನಗಳಲ್ಲಿ ಒಲೆ ಹಚ್ಚಿದರು. ಬಾಡಿಗೆ ಕೋಣೆಯ ಯುವಕರು, ನಿವೃತ್ತರಾದ ಹಿರಿಯರು, ಓದು ನಿಂತು ಮನೆಯಲ್ಲೇ ಉಳಿದ ಮಕ್ಕಳು ಅನ್ನ ಸೀಯಿಸಿದರು, ಕೈ ಸುಟ್ಟುಕೊಂಡರು, ಉಪ್ಪು ಮರೆತರು, ಕೊನೆಗೊಂದು ದಿನ ತಾವೇ ಮಾಡಿದ ತಿಳಿಸಾರನ್ನು ಸುರಿದುಕೊಂಡು ಉಂಡರು.

ಜೂನ್ 8ರಿಂದ ಹೋಟೆಲುಗಳು ಮತ್ತೆ ತೆರೆದವು. ಅಕ್ಟೋಬರಿನ ಹೊತ್ತಿಗೆ ಬಹುಪಾಲು ನಿರ್ಬಂಧಗಳು ಸಡಿಲಗೊಂಡಿದ್ದವು. ಒಲೆಯ ಮುಂದೆ ನಿಂತಿದ್ದವರಲ್ಲಿ ಅನೇಕರು ಆಗಲೇ ಹಿಂದಿನ ರೂಢಿಗೆ ಮರಳುತ್ತಿದ್ದರು. ಈ ಕಲಿಕೆಯನ್ನು ಲೋಕವು ಹೊತ್ತು ಕಳೆಯುವ ಹವ್ಯಾಸವೆಂದು ಕಂಡಿತು. ಚಿತ್ರ ತೆಗೆದು ಮೆಚ್ಚಿಕೊಂಡಿತು. ಆದರೆ ಶ್ರಾವಕಾಚಾರದ ಕಣ್ಣಿನಿಂದ ನೋಡಿದರೆ ಇದು ಹವ್ಯಾಸದ ಮಾತಲ್ಲ, ಧರ್ಮದ ಮಾತು. ಉಣ್ಣುವವನಿಗೂ ಉಣ್ಣುವ ಅನ್ನಕ್ಕೂ ನಡುವೆ ಇದ್ದ ಪರದೆಯೊಂದು ಆ ವರ್ಷ ಸರಿದಿತ್ತು. ಅದನ್ನು ಮತ್ತೆ ಎಳೆದುಕೊಳ್ಳಬೇಕೇ ಎಂಬುದು ಈಗಿನ ಪ್ರಶ್ನೆ.

ಅಡುಗೆ ಕಲಿಯುವವನ ತಬ್ಬಿಬ್ಬು ಜೈನ ಪುರಾಣಕ್ಕೆ ಹೊಸದಲ್ಲ. ಭೋಗಭೂಮಿ ಅಳಿದು ಕರ್ಮಭೂಮಿ ಆರಂಭವಾಗುವ ಸಂಧಿಕಾಲದಲ್ಲಿ ಬೇಡಿದುದನ್ನೆಲ್ಲ ನೀಡುತ್ತಿದ್ದ ಕಲ್ಪವೃಕ್ಷಗಳು ಮರೆಯಾದವು. ಜನ ಹಸಿದರು. ಸುತ್ತಲೂ ಬೆಳೆದು ನಿಂತಿದ್ದ ಧಾನ್ಯವನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಕೊನೆಯ ಕುಲಕರನಾದ ನಾಭಿರಾಜ ಅವರ ಮೇಲೆ ಕರುಣೆಯಿಟ್ಟು, ಯಾವ ಸಸ್ಯ ಉಣ್ಣಲು ತಕ್ಕದ್ದೆಂದು ತಿಳಿಸಿ, ಆನೆಯ ಕುಂಭಸ್ಥಳದ ಮೇಲೆ ಹಸಿಮಣ್ಣಿನಿಂದ ಪಾತ್ರೆ ಮಾಡಿ ತೋರಿಸುತ್ತಾನೆ. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರ ತ್ರಿಷಷ್ಟಿಶಲಾಕಾಪುರುಷಚರಿತೆಯಲ್ಲಿ ಈ ಕೆಲಸವನ್ನು ಸ್ವಯಂ ವೃಷಭದೇವನೇ ಮಾಡುತ್ತಾನೆ. ಅಲ್ಲಿ ಜನರು ಹಸಿ ಧಾನ್ಯ ಜೀರ್ಣವಾಗದೆ ನರಳುತ್ತಾರೆ. ಬೆಂಕಿ ಹುಟ್ಟಿದಾಗ ಧಾನ್ಯವನ್ನು ನೇರವಾಗಿ ಅದರೊಳಗೇ ಸುರಿಯುತ್ತಾರೆ. ಬೆಂಕಿಯೇ ಎಲ್ಲವನ್ನೂ ತಿಂದುಬಿಟ್ಟಿತು, ತಮಗೇನೂ ಕೊಡಲಿಲ್ಲವೆಂದು ಬಂದು ದೂರುತ್ತಾರೆ. ಆಗ ಅವರಿಗೆ ಮಡಕೆ ಮಾಡುವ, ಬೇಯಿಸುವ ವಿದ್ಯೆ ದೊರೆಯುತ್ತದೆ.

ಈ ಎರಡು ಕಥನಗಳಲ್ಲಿ ಕಲಿಸಿದವರು ಬೇರೆಯಾದರೂ ತಿರುಳು ಒಂದೇ. ಅಡುಗೆಯೆಂಬುದು ಹಸಿದವರ ಮೇಲಿನ ಕರುಣೆಯಿಂದ ಹುಟ್ಟಿದ ವಿದ್ಯೆ. ಅದನ್ನು ಕಲಿಸಿದವನು ಕುಲದ ಹಿರಿಯ, ನಾಡಿನ ಒಡೆಯ. ಕಲಿತವರು ಪ್ರಜೆಗಳೆಲ್ಲರೂ. ಇದು ಹೆಣ್ಣಿನ ಕೆಲಸ, ಇದು ಗಂಡಿಗೆ ತಕ್ಕುದಲ್ಲ ಎಂಬ ಗೆರೆಯನ್ನು ಆ ಕಥನಗಳು ಎಳೆದಿಲ್ಲ. ಗೆರೆ ಎಳೆದದ್ದು ಮುಂದಿನ ರೂಢಿ.

ಅಡುಗೆ ಕರುಣೆಯಿಂದ ಹುಟ್ಟಿದ್ದು ನಿಜ. ಅದು ಹಿಂಸೆಯಿಂದ ಮುಕ್ತವಲ್ಲ ಎಂಬುದೂ ಅಷ್ಟೇ ನಿಜ. ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುವಾಗ ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ಹೇಳುವುದುಂಟು. ಬೇಕೆಂದೇ ಕೊಲ್ಲುವ ಸಂಕಲ್ಪಿ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತ್ಯಜಿಸಬೇಕು. ಮನೆವಾಳ್ತೆಯಲ್ಲಿ ತಪ್ಪಿಸಲಾಗದೆ ಆಗುವುದು ಆರಂಭಿ ಹಿಂಸೆ. ಅದನ್ನು ಎಚ್ಚರದಿಂದ ಕಡಿಮೆ ಮಾಡಿಕೊಳ್ಳಬೇಕು. ಒಲೆ, ಬೀಸುವ ಕಲ್ಲು, ಒರಳು-ಒನಕೆ, ನೀರಿನ ಕೊಡ, ಪೊರಕೆ ಇವು ಐದನ್ನು ಪಂಚಸೂನಗಳೆಂದು ಕರೆದ ಹಿರಿಯರು ಮನೆಯೊಳಗೆ ಜೀವಹಾನಿಯಾಗುವ ತಾಣಗಳನ್ನು ಬೊಟ್ಟು ಮಾಡಿ ತೋರಿಸಿದರು. ಇಂದು ಬೀಸುವ ಕಲ್ಲಿನ ಜಾಗದಲ್ಲಿ ಮಿಕ್ಸಿ ಇದೆ, ಕೊಡದ ಜಾಗದಲ್ಲಿ ನಲ್ಲಿ ಇದೆ. ತಾಣಗಳು ಬದಲಾಗಿಲ್ಲ.

ಹಾಗಾದರೆ ಒಲೆಯ ಬಳಿ ಸುಳಿಯದವನಿಗೆ ಈ ಹಿಂಸೆ ತಟ್ಟುವುದಿಲ್ಲವೇ? ಜೈನಧರ್ಮದ ಉತ್ತರ ಸ್ಪಷ್ಟವಾಗಿದೆ. ಕರ್ಮಬಂಧಕ್ಕೆ ಮೂರು ದಾರಿ: ಕೃತ, ಕಾರಿತ, ಅನುಮೋದನ. ತಾನೇ ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದುದನ್ನು ಒಪ್ಪುವುದು. ತಟ್ಟೆಯ ಮುಂದೆ ಕುಳಿತು ಇನ್ನೊಂದು ಸೌಟು ಹುಳಿ ಬಡಿಸೆಂದು ಹೇಳುವವನು ಮಾಡಿಸಿದವನೂ ಹೌದು, ಒಪ್ಪಿದವನೂ ಹೌದು. ಮೊಬೈಲಿನಲ್ಲಿ ಬೆರಳೊತ್ತಿ ಊಟ ತರಿಸುವವನಿಗೂ ಇದೇ ಮಾತು ಸಲ್ಲುತ್ತದೆ. ಅವನು ತಪ್ಪಿಸಿಕೊಂಡದ್ದು ಹಿಂಸೆಯಿಂದಲ್ಲ. ಹಿಂಸೆಯನ್ನು ಕಾಣುವುದರಿಂದ, ಆದುದರಿಂದಲೇ ಅದನ್ನು ಕಡಿಮೆ ಮಾಡಿಕೊಳ್ಳುವ ಅವಕಾಶದಿಂದ.

ಆ ವರ್ಷ ಹೊಸದಾಗಿ ಅಡುಗೆಮನೆ ಹೊಕ್ಕವರಿಗೆ ಕಂಡದ್ದು ಇದೇ. ಮಾರ್ಚ್ ಕೊನೆಯ ವಾರದಲ್ಲಿ ಹೆದರಿಕೆಯಿಂದ ಅನೇಕರು ಅಕ್ಕಿ, ರವೆ, ಬೇಳೆಗಳನ್ನು ಬೇಕಾದುದಕ್ಕಿಂತ ಹೆಚ್ಚು ತಂದು ತುಂಬಿಸಿಕೊಂಡರು. ಮಳೆಗಾಲ ಬಂದಾಗ ಡಬ್ಬದ ಮುಚ್ಚಳ ತೆಗೆದರೆ ರವೆಯಲ್ಲಿ ಹುಳು, ಹೆಸರುಕಾಳಿನಲ್ಲಿ ತೂತು. ಅಪರಿಗ್ರಹವನ್ನು ಪ್ರವಚನದಲ್ಲಿ ಕೇಳಿ ತಲೆದೂಗಿದವರಿಗೂ ಪರಿಗ್ರಹವು ಹಿಂಸೆಯಾಗಿ ಮಾಗುವ ಬಗೆಯನ್ನು ಅಂದು ಆ ಡಬ್ಬ ತೋರಿಸಿತು. ಬೇಕಾದಷ್ಟೇ ತಂದಿದ್ದರೆ ಆ ಜೀವಗಳು ಅಲ್ಲಿ ಹುಟ್ಟುತ್ತಿರಲಿಲ್ಲ, ಬಿಸಿಲಿಗೆ ಹರವಿದ ಮೊರದಲ್ಲಿ ಸಾಯುತ್ತಲೂ ಇರಲಿಲ್ಲ. ಹಿಟ್ಟನ್ನು ಮಳೆಗಾಲದಲ್ಲಿ ಮೂರು ದಿನ, ಬೇಸಗೆಯಲ್ಲಿ ಐದು ದಿನ, ಚಳಿಗಾಲದಲ್ಲಿ ಏಳು ದಿನ ಮಾತ್ರ ಬಳಸಬೇಕೆಂಬ ಹಳೆಯ ಮರ್ಯಾದೆ ಎಷ್ಟೋ ಮನೆಗಳಲ್ಲಿ ಅಜ್ಜಿಯ ಕಾಲದ ಮಾತಾಗಿ ಉಳಿದಿತ್ತು. ತಾನೇ ಹಿಟ್ಟು ಕಲಸಿದವನಿಗೆ ಆ ಮರ್ಯಾದೆಯ ಕಾರಣ ಮೂಗಿಗೂ ಕಣ್ಣಿಗೂ ತಿಳಿಯಿತು.

ಕಲಿಯುವವನ ಇನ್ನೊಂದು ಗುಣವನ್ನೂ ಇಲ್ಲಿ ಗಮನಿಸಬೇಕು. ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳದೆ ಅದಕ್ಕೆ ಪ್ರಮಾದವನ್ನು, ಅಂದರೆ ಮೈಮರೆವನ್ನು ಕೂಡಿಸಿದ್ದಾರೆ. ನುರಿತ ಕೈ ರೂಢಿಯ ಬಲದಿಂದ ಓಡುತ್ತದೆ. ಮನಸ್ಸು ಬೇರೆಲ್ಲೋ ಇರುತ್ತದೆ. ಹೊಸಬನ ಕೈ ಹಾಗಲ್ಲ. ಅವನು ಪಾತ್ರೆಯನ್ನು ನೋಡಿ ಎತ್ತುತ್ತಾನೆ, ನೋಡಿ ಇಡುತ್ತಾನೆ. ಸೊಪ್ಪಿನ ಒಂದೊಂದು ಎಲೆಯನ್ನೂ ಮಗುಚಿ ಹುಳುವಿದೆಯೇ ಎಂದು ಹುಡುಕುತ್ತಾನೆ. ಒಲೆ ಹಚ್ಚುವ ಮುನ್ನ ಎರಡು ಸಲ ಬಗ್ಗಿ ನೋಡುತ್ತಾನೆ. ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ವಸ್ತುಗಳನ್ನು ಎಚ್ಚರದಿಂದ ತೆಗೆದುಕೊಳ್ಳುವ, ಇಡುವ ಆದಾನನಿಕ್ಷೇಪಣ ಸಮಿತಿಯೊಂದಿದೆ. ಅಂಜಿಕೆಯಿಂದಲೇ ಆಗಲಿ, ಹೊಸಬನು ಅದರ ಒಂದು ಎಳೆಯನ್ನು ಅರಿಯದೆಯೇ ಹಿಡಿದಿರುತ್ತಾನೆ. ಅವನು ನಿಧಾನಿ, ಅವನಿಂದ ಪದಾರ್ಥ ಕೆಡುತ್ತದೆ, ಅವನ ಚಪಾತಿ ದುಂಡಗಿರುವುದಿಲ್ಲ. ಆದರೂ ಅವನು ಮೈಮರೆತಿರುವುದಿಲ್ಲ. ಕೈ ಪಳಗಿದ ಮೇಲೂ ಈ ಎಚ್ಚರ ಉಳಿದರೆ ಅದು ಯತ್ನಾಚಾರ.

ಇದೆಲ್ಲ ಬಾಡಿಗೆ ಕೋಣೆಯ ಯುವಕನಿಗೆ ಸಲ್ಲುವ ಮಾತು. ಧರ್ಮನಿಷ್ಠ ಸಂಸಾರಗಳಲ್ಲಿ ಆ ವರ್ಷ ಕಲಿಯಬೇಕಾಗಿ ಬಂದ ಪಾಠ ಇನ್ನೂ ಕಠಿನವಾದುದು. ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಇಂಥ ಮನೆಗಳು ಬಸದಿಯಿರುವ ಊರೂರಿನಲ್ಲೂ ಇದ್ದಿರಬೇಕು. ಗೃಹಸ್ಥನಿಗೆ ಅರುವತ್ತು ದಾಟಿದೆ. ನಲವತ್ತು ವರ್ಷಗಳಿಂದ ರಾತ್ರಿಭೋಜನ ತ್ಯಾಗದ ವ್ರತ. ಸೂರ್ಯಾಸ್ತಕ್ಕೆ ಎರಡು ಘಳಿಗೆ ಮುಂಚೆ ಊಟ ಮುಗಿಯುತ್ತಿತ್ತು. ಒಂದು ದಿನವೂ ತಪ್ಪಿದ್ದಿಲ್ಲ. ಭಾದ್ರಪದದಲ್ಲಿ ಮಡದಿಗೆ ಜ್ವರ ಬಂತು, ಪರೀಕ್ಷೆಯಲ್ಲಿ ಸೋಂಕು ಕಂಡಿತು. ಆಕೆ ಮಹಡಿಯ ಕೋಣೆ ಸೇರಿದರು. ಮಗ ಸೊಸೆ ದೂರದ ಊರಿನಲ್ಲಿದ್ದರು, ನೆರೆಯವರು ಬರುವ ಹಾಗಿರಲಿಲ್ಲ. ಆತ ಮೊದಲ ಬಾರಿಗೆ ಸಂಜೆಯ ಅಡುಗೆಗೆ ನಿಂತರು.

ನೀರು ಸೋಸಿ, ಬಟ್ಟೆಯಲ್ಲಿ ಉಳಿದುದನ್ನು ಮರಳಿ ಬಾವಿಗೆ ಬಿಟ್ಟು, ಅಕ್ಕಿ ಆರಿಸಿ, ಹೀರೇಕಾಯಿ ಹೆಚ್ಚಿ, ಬೇಳೆ ಬೇಯಲಿಟ್ಟು ಕಿಟಕಿಯ ಕಡೆ ನೋಡುವಷ್ಟರಲ್ಲಿ ಬೆಳಕು ಕಂದಿತ್ತು. ಅನ್ನ ಇನ್ನೂ ಆಗಿರಲಿಲ್ಲ. ಹೊತ್ತು ಮುಳುಗಿತು. ಆತ ಉಣ್ಣಲಿಲ್ಲ. ಗಂಜಿಯನ್ನಾದರೂ ಕುಡಿ ಎಂದು ಮೆಟ್ಟಿಲ ಬಳಿ ನಿಂತು ಎಷ್ಟು ಬೇಡಿಕೊಂಡರೂ ಆಕೆಯೂ ಒಪ್ಪಲಿಲ್ಲ. ವ್ರತ ಉಳಿಯಿತು, ರೋಗಿಯ ಊಟ ತಪ್ಪಿತು.

ಮರುದಿನ ಬಾಗಿಲ ಹೊರಗಿನಿಂದ ಆತ ಕೇಳಿದರು: “ಇಷ್ಟು ವರ್ಷ ನಿನಗೆ ಹೊತ್ತು ಹೇಗೆ ತಿಳಿಯುತ್ತಿತ್ತು?”

“ಹಿತ್ತಿಲ ಗೋಡೆಯ ಮೇಲೆ ನೆಲ್ಲಿಮರದ ನೆರಳು ಬಂದರೆ ಅಕ್ಕಿ ತೊಳೆಯುತ್ತಿದ್ದೆ” ಎಂದರು ಆಕೆ ಒಳಗಿನಿಂದ. “ಮೋಡವಿದ್ದ ದಿನ ಗಡಿಯಾರ ನೋಡುತ್ತಿದ್ದೆ. ನೀವು ಇವತ್ತು ಮೂರೂವರೆಗೇ ಶುರು ಮಾಡಿ.”

ನಲವತ್ತು ವರ್ಷ ಆತ ತನ್ನದೆಂದು ತಿಳಿದಿದ್ದ ವ್ರತದ ಹೊರೆ ಆ ನೆರಳನ್ನು ನೋಡುತ್ತಿದ್ದ ಕಣ್ಣಿನ ಮೇಲಿತ್ತು. ವ್ರತವನ್ನು ಸ್ವೀಕರಿಸಿದವರು ಆತ, ಸಭೆಯಲ್ಲಿ ವ್ರತಿಕನೆಂಬ ಗೌರವ ಆತನಿಗೆ. ಮಧ್ಯಾಹ್ನದ ಪಾತ್ರೆ ತೊಳೆದು ಬೆನ್ನು ನೆಟ್ಟಗೆ ಮಾಡುವ ಮೊದಲೇ ಮತ್ತೆ ಒಲೆಯ ಮುಂದೆ ನಿಲ್ಲುತ್ತಿದ್ದವರು ಆಕೆ. ಅಷ್ಟಮಿ ಚತುರ್ದಶಿಗಳಲ್ಲಿ ಹಸಿರು ತರಕಾರಿ ಬಿಟ್ಟು ಅಡುಗೆ ಹೊಂದಿಸುವುದು, ಆಲೂಗಡ್ಡೆಯ ಜಾಗದಲ್ಲಿ ಬಾಳೆಕಾಯಿ, ಈರುಳ್ಳಿಯ ಜಾಗದಲ್ಲಿ ಇಂಗು ಎಂದು ಬಗೆ ಹುಡುಕುವುದು, ಸೋಸಿದ ನೀರಿನ ಹೊತ್ತು ಮೀರಿತೇ ಎಂದು ಲೆಕ್ಕವಿಡುವುದು ಯಾವುದೂ ಪ್ರವಚನದಲ್ಲಿ ಹೇಳಿದಷ್ಟು ಹಗುರವಲ್ಲ. ಮನೆಯ ಒಬ್ಬರ ತ್ಯಾಗ ಇನ್ನೊಬ್ಬರ ದುಡಿಮೆಯಾಗಿ ಪರಿಣಮಿಸುತ್ತದೆ. ದುಡಿಯುವವರು ಅದನ್ನು ಭಕ್ತಿಯಿಂದ ಮಾಡಿರಬಹುದು. ಆ ಭಕ್ತಿಯನ್ನು ಮೆಚ್ಚಿಕೊಳ್ಳುವುದು ಬೇರೆ, ಹೊರೆಯಲ್ಲಿ ಪಾಲು ಕೊಳ್ಳುವುದು ಬೇರೆ.

ಇದು ಜೈನ ಮನೆಗಳಿಗಷ್ಟೇ ಮೀಸಲಾದ ಸಂಗತಿಯಲ್ಲ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ನಡೆಸಿದ ಸಮಯ ಬಳಕೆಯ ಸಮೀಕ್ಷೆಯನ್ನು ಪ್ರಕಟಿಸಿತು. ಅದರಂತೆ 6 ವರ್ಷ ಮೇಲ್ಪಟ್ಟ ಹೆಣ್ಣುಮಕ್ಕಳಲ್ಲಿ ಶೇ. 81.2ರಷ್ಟು ಮಂದಿ ದಿನವೊಂದರಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುತ್ತಿದ್ದರು. ಗಂಡಸರಲ್ಲಿ ಈ ಪ್ರಮಾಣ ಶೇ. 26.1. ತೊಡಗಿದ ಹೆಣ್ಣುಮಕ್ಕಳು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆದರೆ ತೊಡಗಿದ ಗಂಡಸರು ಕಳೆಯುತ್ತಿದ್ದುದು 97 ನಿಮಿಷ. ಇವು ಕೊರೊನಾ ಬರುವುದಕ್ಕೆ ಮುಂಚಿನ ಅಂಕಿಗಳು. 299 ನಿಮಿಷವೆಂದರೆ ಐದು ಗಂಟೆಗೆ ಒಂದೇ ನಿಮಿಷ ಕಡಿಮೆ. ಸಾಮಾಯಿಕಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಸಾಕೆಂದು ಹೇಳುವ ಧರ್ಮದಲ್ಲಿ, ದಿನಕ್ಕೆ ಆರು ಸಾಮಾಯಿಕಗಳಿಗಾಗುವ ಹೊತ್ತನ್ನು ಒಲೆಗೂ ಪೊರಕೆಗೂ ಕೊಟ್ಟವರಿಗೆ ತಮ್ಮ ಸ್ವಾಧ್ಯಾಯಕ್ಕೆ ಉಳಿಯುವುದೇನು ಎಂಬುದನ್ನು ಮನೆಯ ಉಳಿದವರು ಯೋಚಿಸಬೇಕು. ಮಡದಿಯ, ತಾಯಿಯ ಸ್ವಾಧ್ಯಾಯಕ್ಕೆ ಒಂದು ಗಂಟೆ ಬಿಡಿಸಿಕೊಡುವುದೂ ಶಾಸ್ತ್ರದಾನದ ಒಂದು ಬಗೆಯೇ ಸರಿ.

ಆ ಕಾಲದ ಅಡುಗೆಯ ಉತ್ಸಾಹವೆಲ್ಲವೂ ಧರ್ಮದ ದಾರಿಯದೆಂದು ಹೇಳಿದರೆ ಅದು ಅತಿಯಾದೀತು. ಕೆಲವರು ಹಸಿವಿಗಾಗಿ ಕಲಿತರು, ಕೆಲವರು ನಾಲಗೆಗಾಗಿ ಕಲಿತರು. ದಿನಕ್ಕೊಂದು ಬಗೆಯ ಕೇಕು, ಕರಿದ ತಿಂಡಿ, ಅದರ ಚಿತ್ರ, ಚಿತ್ರಕ್ಕೆ ಬಂದ ಮೆಚ್ಚುಗೆಯ ಲೆಕ್ಕ ಇವು ರಸನೇಂದ್ರಿಯವನ್ನು ಕೆರಳಿಸಿದವೇ ಹೊರತು ತಣಿಸಲಿಲ್ಲ. ಬಾಹ್ಯ ತಪಸ್ಸಿನ ಆರು ಬಗೆಗಳಲ್ಲಿ ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯ, ರುಚಿಯ ಪದಾರ್ಥವನ್ನು ಬಿಡುವ ರಸಪರಿತ್ಯಾಗ ಎರಡೂ ಇವೆ. ಅಡುಗೆ ಬಲ್ಲವನಿಗೆ ಇವು ಸುಲಭವೂ ಹೌದು, ಕಷ್ಟವೂ ಹೌದು. ಯಾವುದನ್ನು ಬಿಟ್ಟರೂ ಉಳಿದುದರಲ್ಲಿ ಊಟ ಹೊಂದಿಸಬಲ್ಲನೆಂಬುದರಿಂದ ಸುಲಭ. ಬೇಕೆನಿಸಿದ್ದನ್ನು ಬೇಕೆನಿಸಿದಾಗ ಮಾಡಿಕೊಳ್ಳಬಲ್ಲನೆಂಬುದರಿಂದ ಕಷ್ಟ.

ಇನ್ನೊಂದು ಮಾತೂ ಆ ತಿಂಗಳುಗಳಲ್ಲಿ ಕೇಳಿಬಂತು. ಜೈನ ಆಹಾರಕ್ರಮವೇ ಕೊರೊನಾಕ್ಕೆ ಮದ್ದು, ನೀರು ಸೋಸುವವರಿಗೆ ಸೋಂಕಿನ ಭಯವಿಲ್ಲ ಎಂದು ಕೆಲವರು ಹೆಮ್ಮೆಯಿಂದ ಹಂಚಿಕೊಂಡರು. ಈ ಹೆಮ್ಮೆ ಧರ್ಮಕ್ಕೂ ಒಳ್ಳೆಯದಲ್ಲ, ಆರೋಗ್ಯಕ್ಕೂ ಒಳ್ಳೆಯದಲ್ಲ. ಬಟ್ಟೆಯಲ್ಲಿ ಸೋಸಿದ ನೀರು ವೈರಾಣುವನ್ನು ತಡೆಯುವುದಿಲ್ಲ. ಸೋಸುವವನು ಹಾಗೆ ಮಾಡುವುದು ತನ್ನ ದೇಹದ ರಕ್ಷಣೆಗಾಗಿ ಅಲ್ಲ, ನೀರಿನಲ್ಲಿರುವ ಜೀವಗಳ ರಕ್ಷಣೆಗಾಗಿ. ಇಲ್ಲದಿದ್ದರೆ ಸೋಸಿದ ಬಟ್ಟೆಯನ್ನು ಮರಳಿ ಅದೇ ನೀರಿನ ನೆಲೆಯಲ್ಲಿ ಅದ್ದಬೇಕೆಂಬ ವಿಧಿಗೆ ಅರ್ಥವಿರುತ್ತಿರಲಿಲ್ಲ. ಮುಖಕ್ಕೆ ಕಟ್ಟಿಕೊಂಡ ಮಾಸ್ಕು ಎದುರಿನವನನ್ನೂ ಕಾಯುವಂತೆ, ಗಾಲಿತ ಜಲದ ಬಟ್ಟೆಯೂ ಪರರಿಗಾಗಿ ಹಿಡಿದದ್ದು. ಈ ಪರಹಿತದ ಭಾವವನ್ನು ಮರೆತು ಆಚಾರವನ್ನು ಔಷಧಿಯ ಸಾಲಿಗೆ ಇಳಿಸಬಾರದು.

ಭಾವವೇ ಮುಖ್ಯವೆಂಬುದನ್ನು ಕನ್ನಡದ ಜೈನರಿಗೆ ಪ್ರತಿ ವರ್ಷ ನವರಾತ್ರಿಯ ಹೊತ್ತಿಗೆ ಜೀವದಯಾಷ್ಟಮಿ ನೆನಪಿಸುತ್ತದೆ. ಜನ್ನನ ಯಶೋಧರ ಚರಿತೆಯಲ್ಲಿ ಅರಸನು ತಾಯಿಯ ಒತ್ತಾಯಕ್ಕೆ ಮಣಿದು, ಜೀವವಿರುವ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಕೊಂದದ್ದು ಹಿಟ್ಟನ್ನು. ಆದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ತಾಯಿ ಮಗ ಇಬ್ಬರೂ ಜನ್ಮಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನೋಯುತ್ತಾರೆ. ಹಿಟ್ಟು ಒಂದೇ, ಕೈಯ ಹಿಂದಿನ ಮನಸ್ಸು ಅದನ್ನು ಹಿಂಸೆಯಾಗಿಸಬಲ್ಲದು, ಹಸಿದವನ ರೊಟ್ಟಿಯಾಗಿಸಬಲ್ಲದು. ಬಲಿಗೆ ಒತ್ತಾಯಿಸಿದ ತಾಯಿಯೂ ಅದೇ ಫಲವನ್ನು ಉಂಡಳೆಂಬುದನ್ನು ಗಮನಿಸಿದರೆ, ಮಾಡಿಸಿದವನಿಗೆ ಪಾಲಿಲ್ಲವೆಂದು ಹೇಳುವವರಿಗೆ ಅಲ್ಲಿಯೇ ಉತ್ತರವಿದೆ.

ಹಾಗಾದರೆ 68 ದಿನ ತಾವೇ ಬೇಯಿಸಿಕೊಂಡು ಉಂಡವರಿಗೆ, ರುಚಿ ಬಿಟ್ಟು ಬದುಕಿದವರಿಗೆ ಅದು ತಪಸ್ಸಾಯಿತೇ? ಇಲ್ಲಿ ಶಾಸ್ತ್ರ ಸೂಕ್ಷ್ಮವಾದ ಭೇದವೊಂದನ್ನು ಮಾಡುತ್ತದೆ. ಇಚ್ಛೆಯಿಲ್ಲದೆ, ಬೇರೆ ದಾರಿಯಿಲ್ಲದೆ ಕಷ್ಟವನ್ನು ಸಹಿಸಿದಾಗ ಆಗುವುದು ಅಕಾಮನಿರ್ಜರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಸೆರೆಯಲ್ಲಿ ಸಿಕ್ಕಿ ಹಸಿವು ಬಾಯಾರಿಕೆಗಳನ್ನು ತಡೆದುಕೊಳ್ಳುವವರ ನಿದರ್ಶನ ಕೊಡುತ್ತಾರೆ. ಅದಕ್ಕೂ ಫಲವುಂಟು, ಆದರೆ ಅದು ಮೋಕ್ಷಮಾರ್ಗದ ಹೆಜ್ಜೆಯಲ್ಲ. ತಿಳಿದು, ಒಪ್ಪಿ, ತಾನಾಗಿ ಕೈಗೊಂಡಾಗ ಮಾತ್ರ ಅದೇ ಕಷ್ಟ ತಪಸ್ಸಾಗುತ್ತದೆ. ಹೋಟೆಲು ಮುಚ್ಚಿದ್ದಾಗ ಮನೆಯಲ್ಲಿ ಉಂಡದ್ದು ಒತ್ತಾಯ. ಹೋಟೆಲು ತೆರೆದ ಮೇಲೂ ಒಲೆಯ ಮುಂದೆ ನಿಲ್ಲುವುದು ಆಯ್ಕೆ. ಆದುದರಿಂದ ನಿಜವಾದ ಪರೀಕ್ಷೆ ನಡೆದದ್ದು ಏಪ್ರಿಲಿನಲ್ಲಲ್ಲ. ಅದು ನಡೆಯುತ್ತಿರುವುದು ಈಗ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ನಾಲ್ಕು ಶಿಕ್ಷಾವ್ರತಗಳನ್ನು ಇಲ್ಲಿ ನೆನೆಯಬೇಕು: ದೇಶಾವಕಾಶಿಕ, ಸಾಮಾಯಿಕ, ಪ್ರೋಷಧೋಪವಾಸ, ವೈಯಾವೃತ್ಯ. ಇಂತಿಷ್ಟು ಕಾಲ ಈ ಮನೆಯನ್ನು, ಈ ಬೀದಿಯನ್ನು, ಈ ಊರನ್ನು ದಾಟುವುದಿಲ್ಲವೆಂದು ಎಲ್ಲೆ ಹಾಕಿಕೊಳ್ಳುವುದು ದೇಶಾವಕಾಶಿಕ. 2020ರಲ್ಲಿ ಆ ಎಲ್ಲೆಯನ್ನು ಸರ್ಕಾರವೇ ಎಲ್ಲರಿಗೂ ಹಾಕಿತು. ಜನ ಅದನ್ನು ಶಿಕ್ಷೆ ಎಂದರು. ಇಂದಿನ ಕನ್ನಡದಲ್ಲಿ ಶಿಕ್ಷೆ ಎಂದರೆ ದಂಡನೆ. ವ್ರತದ ಹೆಸರಿನಲ್ಲಿರುವ ಶಿಕ್ಷೆ ಎಂದರೆ ಅಭ್ಯಾಸ, ಮತ್ತೆ ಮತ್ತೆ ಮಾಡಿ ಕಲಿಯುವುದು. ದಂಡನೆಯಾಗಿ ಬಂದದ್ದನ್ನು ಅಭ್ಯಾಸವಾಗಿ ಮಾಡಿಕೊಳ್ಳುವುದು ಮನುಷ್ಯನ ಕೈಯಲ್ಲಿದೆ. ಈ ಸಾಲಿನ ಕೊನೆಯಲ್ಲಿರುವ ವೈಯಾವೃತ್ಯವೆಂದರೆ ಸೇವೆ. ಮನೆಯಿಲ್ಲದ ತಪಸ್ವಿಗಳಿಗೆ ಆಹಾರವನ್ನು ಕೊಡುವುದು ಅದರಲ್ಲಿ ಮುಖ್ಯವಾದುದು. ಎಲ್ಲೆಯೊಳಗೆ ನಿಂತು ಕಲಿತದ್ದು ಸೇವೆಯಲ್ಲಿ ಮುಗಿಯಬೇಕು.

ಸೇವೆಗೆ ಒಳ್ಳೆಯ ಮನಸ್ಸೊಂದೇ ಸಾಲದು, ವಿಧಿಯೂ ತಿಳಿದಿರಬೇಕೆಂಬುದಕ್ಕೆ ವೃಷಭನಾಥರ ಕಥೆಯೇ ಸಾಕ್ಷಿ. ದೀಕ್ಷೆ ಪಡೆದು ಆರು ತಿಂಗಳ ಉಪವಾಸ ಮುಗಿಸಿ ಅವರು ಆಹಾರಕ್ಕೆ ಹೊರಟಾಗ ಜನರಲ್ಲಿ ಭಕ್ತಿಯ ಕೊರತೆಯಿರಲಿಲ್ಲ. ಆನೆ ಕುದುರೆಗಳನ್ನು ತಂದರು, ರತ್ನಗಳನ್ನು ತಂದರು, ಕನ್ಯೆಯರನ್ನು ತಂದು ನಿಲ್ಲಿಸಿದರು. ಒಂದು ಬೊಗಸೆ ಆಹಾರವನ್ನು ಹೇಗೆ ಕೊಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಹೀಗೆ ವರ್ಷದಷ್ಟು ಕಾಲ ಹಸಿದಿದ್ದ ಅವರಿಗೆ ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ಕಬ್ಬಿನ ರಸವನ್ನು ನೀಡಿದ. ಆ ದಿನವೇ ಅಕ್ಷಯ ತೃತೀಯ. 2020ರಲ್ಲಿ ಅದು ಏಪ್ರಿಲ್ 26ರಂದು, ಎಲ್ಲರೂ ಮನೆಯೊಳಗಿದ್ದಾಗಲೇ ಬಂದು ಹೋಯಿತು. ದಿಗಂಬರ ಮುನಿ ತಾನು ಬೇಯಿಸುವಂತಿಲ್ಲ, ಬೇಡುವಂತಿಲ್ಲ, ತನಗಾಗಿ ಮಾಡಿಸಿಕೊಳ್ಳುವಂತಿಲ್ಲ. ಗೃಹಸ್ಥನು ತನಗಾಗಿ ಮಾಡಿಕೊಂಡ ಶುದ್ಧ ಆಹಾರದಲ್ಲಿ ಒಂದು ಪಾಲನ್ನು, ದಿನಕ್ಕೆ ಒಂದೇ ಸಲ, ನಿಂತು, ಅಂಗೈಯಲ್ಲಿ ಸ್ವೀಕರಿಸುತ್ತಾನೆ. ಗೃಹಸ್ಥನ ಮನೆಯಲ್ಲಿ ಒಲೆಯೇ ಉರಿಯದಿದ್ದರೆ, ಅಥವಾ ಅದನ್ನು ಬಲ್ಲವರು ಮನೆಗೊಬ್ಬರೇ ಆಗಿ ಅವರಿಗೂ ವಯಸ್ಸಾದರೆ, ಮುನಿಚರ್ಯೆ ನಿಲ್ಲುವುದಾದರೂ ಯಾವುದರ ಮೇಲೆ? ಪಡಗಾಹಿಸಲು ಬಾಗಿಲಲ್ಲಿ ನಿಂತು ಆಹಾರಜಲ ಶುದ್ಧವೆಂದು ನುಡಿಯುವ ಗಂಡಸಿಗೆ ಆ ನೀರನ್ನು ಸೋಸಿದವರಾರು, ಯಾವಾಗ ಎಂಬುದೇ ತಿಳಿಯದಿದ್ದರೆ ಆ ನುಡಿಯ ಭಾರವನ್ನು ಹೊರುವವರಾರು?

ಮುನಿಗಳಷ್ಟೇ ಅಲ್ಲ, ಒಲೆಯಿಲ್ಲದವರು ಬೇರೆಯವರೂ ಇದ್ದರು. ಏಪ್ರಿಲ್ ಮೇ ತಿಂಗಳುಗಳಲ್ಲಿ ದುಡಿಮೆ ಕಳೆದುಕೊಂಡು ನಗರಗಳಿಂದ ಊರಿಗೆ ನಡೆದುಹೋದ ಕೂಲಿಕಾರರನ್ನು ನಾಡು ಮರೆತಿರಲಾರದು. ಅನೇಕರು ಪರರ ಮನೆ ಕಟ್ಟಿದವರು, ಪರರ ಹೋಟೆಲಿನಲ್ಲಿ ಬೇಯಿಸಿದವರು, ಪರರ ಪಾತ್ರೆ ತೊಳೆದವರು. 2020ರ ಏಪ್ರಿಲಿನಿಂದ ಕೇಂದ್ರ ಸರ್ಕಾರ ಪಡಿತರದಾರರಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯವನ್ನು ಉಚಿತವಾಗಿ ಕೊಟ್ಟಿತು. ನವೆಂಬರಿನವರೆಗೆ ಅದು ಮುಂದುವರಿಯುವುದೆಂದು ಆಗ ಹೇಳಲಾಗಿತ್ತು. ಆದರೆ ದಾರಿಯ ಮೇಲಿರುವವನಿಗೆ ಅಕ್ಕಿ ಊಟವಲ್ಲ. ಒಲೆ, ನೀರು, ಪಾತ್ರೆ, ನೆರಳು ಸೇರಿದರೆ ಮಾತ್ರ ಅದು ಅನ್ನ. ಬೇಯಿಸಿದ ಅನ್ನದ ಪೊಟ್ಟಣ ಹಿಡಿದು ರಸ್ತೆಗೆ ಬಂದವರು ಆ ದಿನಗಳಲ್ಲಿ ಉಳಿಸಿದ್ದು ಜೀವವನ್ನು. ಅಂಥವರ ಕೈಗಳಲ್ಲಿ ಕೆಲವು ಹೊಸದಾಗಿ ಅಡುಗೆ ಕಲಿತ ಕೈಗಳೂ ಆಗಿದ್ದವು. ಪಾತ್ರದಾನದ ಜೊತೆಗೆ ಕರುಣಾದಾನವನ್ನೂ ಹೇಳಿದ ಧರ್ಮ ಇದನ್ನು ಬೇರೆಯಾಗಿ ಕಾಣುವುದಿಲ್ಲ.

ಚಾತುರ್ಮಾಸ ಮುಗಿಯುವ ಹೊತ್ತಿಗೆ ದೀಪಾವಳಿ, ಮಹಾವೀರ ಸ್ವಾಮಿಯ ನಿರ್ವಾಣದ ಪರ್ವ. ವ್ರತನಿಯಮಗಳನ್ನು ಹೊಸದಾಗಿ ಕೈಗೊಳ್ಳುವ ಈ ಹೊತ್ತಿನಲ್ಲಿ ಒಂದು ಸಣ್ಣ ನಿಯಮವನ್ನು ಮನೆಯ ಪ್ರತಿಯೊಬ್ಬರೂ ಸೇರಿಸಿಕೊಳ್ಳಬಹುದು: ವಾರಕ್ಕೆ ಒಂದು ದಿನ, ಒಂದು ಹೊತ್ತಿನ ಊಟವನ್ನು ನೀರು ಸೋಸುವುದರಿಂದ ಹಿಡಿದು ಪಾತ್ರೆ ತೊಳೆದಿಡುವವರೆಗೆ ತಾನೇ ಮಾಡುವುದು. ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೂ ಇದು ಸಲ್ಲಬೇಕು. ಬಸದಿಯ ಪಾಠಶಾಲೆಯಲ್ಲಿ ಭಕ್ಷ್ಯಾಭಕ್ಷ್ಯವನ್ನು ಬಾಯಿಪಾಠ ಮಾಡಿಸುವವರು ವರ್ಷಕ್ಕೊಮ್ಮೆ ಅವರಿಂದ ಅಕ್ಕಿ ಆರಿಸಿ ಸೊಪ್ಪು ಬಿಡಿಸಿದರೆ ಪಾಠ ಕೈಗೂ ಇಳಿಯುತ್ತದೆ. ಆಗ ಒಬ್ಬರು ಮಲಗಿದರೆ ಮನೆಯ ಧರ್ಮ ಮಲಗುವುದಿಲ್ಲ.

ಮಹಡಿಯ ಕೋಣೆಯಿಂದ ಆಕೆ ಗುಣವಾಗಿ ಇಳಿದು ಬಂದ ದಿನ ಆ ಮನೆಯ ಹಿರಿಯರು ಏನು ಮಾಡಿದರೆ ಚೆಂದ ಎಂದು ಯೋಚಿಸಿದರೆ ಉತ್ತರ ಕಷ್ಟವಲ್ಲ. ಆಕೆ ಒಂದೆಡೆ ಪುಸ್ತಕ ತೆರೆದು ಸ್ವಾಧ್ಯಾಯಕ್ಕೆ ಕುಳಿತಿರಬೇಕು. ಹಿತ್ತಿಲ ಗೋಡೆಯ ಮೇಲೆ ನೆಲ್ಲಿಮರದ ನೆರಳು ಬಂದಿತೇ ಎಂದು ಆತ ನೋಡುತ್ತಿರಬೇಕು.